ಅಮ್ಮ ತೆಗೆದ ಫೋಟೊ

ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಲು ಕೂತಾಗಲೆಲ್ಲ ಅವನ್ನಿಟ್ಟಿರುವ ಅಪ್ಪನ ಕ್ಯಾಮೆರಾದ ಚರ್ಮದ ಚೀಲದ ವಾಸನೆ ನನ್ನನ್ನು ನಾವಾಗ ಇದ್ದ ಡೊಂಬಿವಲಿಯ ಆ ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಕ್ಯಾನ್ಸರ್ ಚಿಕಿತ್ಸೆಗೆಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಅಮ್ಮ ಮನೆಗೆ ಬಂದಿದ್ದಳು. ಕೂದಲಿಲ್ಲದ ತಲೆಗೆ ಮೆತ್ತನೆಯ ಹತ್ತಿಬಟ್ಟೆ ಸುತ್ತಿಕೊಂಡಿದ್ದಳು. ಅಪ್ಪ ಬಿಲ್ಡಿಂಗಿನ ಟೆರೇಸಿನಲ್ಲಿ ಅವಳಿಗೆ ಕುರ್ಚಿ ಹಾಕಿ, ಅಗಲ ಫಿಲ್ಮಿನ ಆ ಹಳೆಯ ಕ್ಯಾಮೆರಾ ತಂದರು.

“ಈಗ ಬೇಡ ಮಾರಾಯ್ರೆ. ಕೂದಲು ಬರ್ಲಿ, ಮತ್ತೆ ತೆಗೀರಿ,” ಎಂದಳು ಅಮ್ಮ. “ನೀವು ಮಗಳೊಟ್ಟಿಗೆ ನಿಲ್ಲಿ, ನಾನು ತೆಗೀತೇನೆ.”

ಅಪ್ಪ ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿದರು. “ಎದೆಯ ಹತ್ರ ಹಿಡ್ಕೊಂಡು, ಮೇಲಿಂದ ಬಗ್ಗಿ ಈ ಗಾಜಿನಲ್ಲಿ ನೋಡು. ಎಡ ಬಲ ಅದಲುಬದಲಾಗಿ ಕಾಣ್ತದೆ, ಗಾಬರಿ ಆಗ್ಬೇಡ.”

ಅಮ್ಮ ತುಂಬ ಹೊತ್ತು ಆ ಗಾಜನ್ನೇ ನೋಡಿದಳು.

“ಇವಳು ಎಷ್ಟು ಉದ್ದ ಆಗಿದ್ದಾಳಲ್ಲ,” ಎಂದಳು ಮೆಲ್ಲಗೆ.

“ಬಿಸಿಲು ಹೋಗ್ತದೆ, ಒತ್ತು,” ಎಂದರು ಅಪ್ಪ.

ಅವಳು ಒತ್ತಿದಳು.

ಕೂದಲು ಬರುವ ಮೊದಲೇ, ಆ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಅಪ್ಪ ಫಿಲ್ಮ್ ತೊಳೆಸಿ ತಂದದ್ದು ಎಷ್ಟೋ ದಿನಗಳ ನಂತರ. ಅದರಲ್ಲಿ ಅಮ್ಮನ ಒಂದು ಫೋಟೊವೂ ಇರಲಿಲ್ಲ. ಅವಳು ತೆಗೆದ ಫೋಟೊದಲ್ಲಿ ನಾನು ಲೆನ್ಸ್ ನೋಡಿ ನಗುತ್ತಿದ್ದೆ. ಅಪ್ಪ ಮಾತ್ರ ಲೆನ್ಸಿಗಿಂತ ತುಸು ಮೇಲೆ, ಬಗ್ಗಿಕೊಂಡಿದ್ದ ಅವಳ ಮುಖವನ್ನೇ ನೋಡುತ್ತಿದ್ದರು.