ಆರನೆಯ ಹೆಸರು

ಹಾಳೆಯ ಮೇಲೆ ಆರು ಹೆಸರುಗಳಿದ್ದವು, ಬೇಕಾಗಿದ್ದುದು ಐದು. ಬೇಸ್‌ಬಾಲ್‌ನ ಹೊಸ ಋತುವಿನಲ್ಲಿ ಸರದಿಯಂತೆ ದಿನಕ್ಕೊಬ್ಬರಾಗಿ ಚೆಂಡೆಸೆದು ಪಂದ್ಯ ಶುರು ಮಾಡುವ ಪಿಚರ್‌ಗಳು ಐವರೇ. ಆರನೆಯವನನ್ನು ಮಧ್ಯಾಹ್ನದೊಳಗೆ ತಂಡದಿಂದ ಬಿಡುಗಡೆ ಮಾಡಬೇಕು. ಮೊದಲ ಪಂದ್ಯಕ್ಕೆ ಇನ್ನು ನಾಲ್ಕೇ ದಿನ, ಫ್ಲಾರಿಡಾದ ಶಿಬಿರದಲ್ಲಿ ಸಾಮಾನು ಕಟ್ಟುವ ಗಡಿಬಿಡಿ ಆಗಲೇ ಶುರುವಾಗಿತ್ತು. ಮ್ಯಾನೇಜರ್ ಗಿಲ್ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳಿ, ಪಿಚರ್‌ಗಳ ಕೋಚ್ ವೆಂಡೆಲ್‌ನ ಮುಖ ನೋಡಿದ.

ನಾಲ್ಕು ಹೆಸರು ನಾಲ್ಕು ನಿಮಿಷದಲ್ಲಿ ಇತ್ಯರ್ಥವಾದವು. ಉಳಿದವರು ಇಪ್ಪತ್ತೆರಡು ವರ್ಷದ ಕೋಲ್ಬಿ ಮತ್ತು ಮೂವತ್ತಾರರ ಎಡಗೈ ಪಿಚರ್ ರಾಯ್ಸ್. ರಾಯ್ಸ್ ಈ ತಂಡಕ್ಕೆ ಹನ್ನೊಂದು ವರ್ಷ ದುಡಿದವನು. ಆದರೆ ಈ ಮಾರ್ಚಿನ ಅಭ್ಯಾಸ ಪಂದ್ಯಗಳಲ್ಲಿ ಅವನ ಚೆಂಡನ್ನು ಹೊಡೆಯದವನೇ ಪಾಪಿ ಎನ್ನುವಂತಾಗಿತ್ತು. ಹದಿನೆಂಟು ಇನಿಂಗ್ಸ್‌ಗೆ ಇಪ್ಪತ್ತೆರಡು ರನ್ ಕೊಟ್ಟಿದ್ದ, ಬೇಸ್‌ಬಾಲ್‌ನಲ್ಲಿ ಅದು ತೀರಾ ದುಬಾರಿ ಲೆಕ್ಕ. ಬ್ಯಾಟು ಹಿಡಿಯಲು ಈಗತಾನೇ ಕಲಿತವರೂ ಅವನ ಚೆಂಡನ್ನು ಬೇಲಿಯಾಚೆ ಕಳಿಸಿ ನಗುತ್ತಾ ಓಡಿದ್ದರು.

ಅದು ಹೀಗೇಕಾಯಿತೆಂದು ರಾಯ್ಸ್‌ನನ್ನು ಬಿಟ್ಟರೆ ಬಲ್ಲವನು ವೆಂಡೆಲ್ ಒಬ್ಬನೇ. ಜನವರಿಯಲ್ಲಿ ರಾಯ್ಸ್‌ನ ಮನೆಯ ಹಿತ್ತಲಲ್ಲಿ ನಿಂತು ಹೇಳಿಕೊಟ್ಟವನೇ ಅವನು. ವಯಸ್ಸಾದ ಕೈಗೆ ಒಂದು ನಿಧಾನದ ಚೆಂಡು ಬೇಕೇ ಬೇಕು, ಮಾರ್ಚ್ ತಿಂಗಳಿಡೀ ಅದೊಂದನ್ನೇ ಎಸೆದು ಪಳಗಿಸು, ಎಷ್ಟು ಚಚ್ಚಿಸಿಕೊಂಡರೂ ಚಿಂತೆಯಿಲ್ಲ, ಗಿಲ್‌ಗೆ ನಾನು ಹೇಳುತ್ತೇನೆ ಎಂದಿದ್ದ. ವೇಗದ ಚೆಂಡಿನ ನಡುವೆ ಬಂದರೆ ಮಾತ್ರ ನಿಧಾನದ ಚೆಂಡು ಬ್ಯಾಟರನ್ನು ಏಮಾರಿಸುತ್ತದೆ. ಅದೊಂದೇ ಬರುತ್ತಿದ್ದರೆ ಎಲೆ ಹಾಕಿ ಬಡಿಸಿದ ಹಾಗೆ. ರಾಯ್ಸ್‌ಗೂ ಅದು ಗೊತ್ತಿತ್ತು. ಆದರೂ ಗುರುವಿನ ಮಾತೆಂದು ತಿಂಗಳಿಡೀ ತಲೆ ತಗ್ಗಿಸಿ ಹೊಡೆಸಿಕೊಂಡ. ಹೋದ ವಾರ ಯಾರೂ ಇಲ್ಲದಾಗ ಎರಡನ್ನೂ ಬೆರೆಸಿ ಹತ್ತು ನಿಮಿಷ ಎಸೆದು ತೋರಿಸಿದ್ದ. ಮೂವತ್ತು ವರ್ಷ ಚೆಂಡು ಹಿಡಿದ ವೆಂಡೆಲ್ ಮೂರು ಸಲ ಬರಿಗಾಳಿಗೆ ಕೈ ಒಡ್ಡಿದ್ದ. ಅಷ್ಟಾದರೂ ಗಿಲ್‌ಗೆ ಹೇಳುವುದನ್ನು ಇವತ್ತು, ನಾಳೆ ಎಂದು ಮುಂದಕ್ಕೆ ತಳ್ಳುತ್ತಲೇ ಬಂದಿದ್ದ.

“ರಾಯ್ಸ್ ಕಥೆ ಮುಗೀತು ಅಂತ ಕಾಣುತ್ತೆ,” ಎಂದ ಗಿಲ್. “ಏನಾದ್ರೂ ಹೇಳೋದಿದೆಯಾ? ಇಲ್ಲ, ಈ ವರ್ಷಾನೂ ವೃದ್ಧಾಶ್ರಮ ನಡೆಸೋಣ ಅಂತೀಯಾ?”

ಕಂಪ್ಯೂಟರ್ ಮುಂದೆ ಅಂಕಿಅಂಶ ನೋಡುತ್ತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಎರಡು ವರ್ಷದ ಹಿಂದೆ ವೆಂಡೆಲ್ ಹಟ ಹಿಡಿದು ಉಳಿಸಿಕೊಂಡ ಇನ್ನೊಬ್ಬ ಹಳಬ ಕೈಕೊಟ್ಟಿದ್ದ; ಆ ಋತುವಿಡೀ ಗಿಲ್ ವೆಂಡೆಲ್‌ನನ್ನು ಹಂಗಿಸಿ ಹಂಗಿಸಿ ಹಣ್ಣು ಮಾಡಿದ್ದ. ವೆಂಡೆಲ್‌ನ ಕೆಲಸವೂ ಈ ವರ್ಷದ ಕೊನೆಗೆ ಮುಗಿಯುವುದಿತ್ತು, ಮುಂದುವರಿಸುವುದು ಬಿಡುವುದು ಗಿಲ್‌ನ ಕೈಯಲ್ಲಿತ್ತು. ಹೇಳಬೇಕಾದ ಮಾತು ಗಂಟಲವರೆಗೆ ಬಂತು. ಬಾಯಿ ತೆರೆದಾಗ ಮಾತ್ರ ಬೇರೆಯೇ ಮಾತು ಹೊರಬಿತ್ತು. “ಕೋಲ್ಬಿನೇ ಇರಲಿ,” ಎಂದ.

ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಯಲ್ಲಿ ರಾಯ್ಸ್ ತನ್ನ ಚೀಲ ತುಂಬುತ್ತಿದ್ದ. ಬಿಡುಗಡೆಯಾದವನ ಕಣ್ಣಲ್ಲಿ ಕಣ್ಣಿಟ್ಟು ಯಾರೂ ನೋಡುವುದಿಲ್ಲ, ಅಂಟುರೋಗದವನ ಹತ್ತಿರ ಸುಳಿಯದ ಹಾಗೆ ಎಲ್ಲರೂ ಬಳಸಿಕೊಂಡು ಹೋಗುತ್ತಾರೆ. ವೆಂಡೆಲ್ ಕೂಡ ಹಾಗೇ ಹೋಗಬಹುದಿತ್ತು. ಹೋಗಲಾಗಲಿಲ್ಲ, ಬಂದು ಪಕ್ಕದ ಬೆಂಚಿನ ಮೇಲೆ ಕೂತ. ರಾಯ್ಸ್ ಮುನಿಸಿಕೊಂಡಿರಲಿಲ್ಲ, ಅದೇ ವೆಂಡೆಲ್‌ಗೆ ಹೆಚ್ಚು ಕಷ್ಟವಾಯಿತು. ಪಶ್ಚಿಮದ ಕಡೆಯ ಒಂದು ತಂಡದವರು ಆಗಲೇ ಕರೆ ಮಾಡಿದ್ದರಂತೆ, ನಾಳೆಯೇ ಬಂದು ಎಸೆದು ತೋರಿಸು ಎಂದರಂತೆ. ಸಂಜೆಯೊಳಗೆ ಉತ್ತರ ಕೊಡಬೇಕಂತೆ.

“ಒಂದು ಕೇಳ್ಲಾ ಕೋಚ್?” ಎಂದ ರಾಯ್ಸ್, ಶೂ ಒಂದನ್ನು ಕೈಯಲ್ಲೇ ಹಿಡಿದು. “ನಾನು ಬೇಕಂತಲೇ ಅದೊಂದನ್ನೇ ಎಸೀತಿದ್ದೆ ಅಂತ ಗಿಲ್‌ಗೆ ಹೇಳಿದ್ರಿ ತಾನೆ?”

“ಹೇಳ್ದೆ ಕಣೋ.”

“ಎರಡನ್ನೂ ಬೆರೆಸಿ ಎಸೆದಿದ್ದನ್ನೂ?”

“ಎಲ್ಲಾನೂ ಹೇಳ್ದೆ. ಅವನು ಕೇಳಲಿಲ್ಲ.”

ರಾಯ್ಸ್ ಶೂವನ್ನು ಚೀಲದೊಳಗಿಟ್ಟ. ಆಮೇಲೆ ಮೆಲ್ಲಗೆ, ತಾನು ಅಂದುಕೊಂಡಿದ್ದೇ ಬೇರೆ ಎಂದ. ಗಿಲ್ ಕಡೆಯವರಿಗೆ ವಿಷಯ ಗೊತ್ತಿಲ್ಲ, ಗೊತ್ತಿದ್ದರೆ ಬಿಡುತ್ತಿರಲಿಲ್ಲ ಎಂದುಕೊಂಡಿದ್ದನಂತೆ. ಎಲ್ಲ ಗೊತ್ತಿದ್ದೂ ಬೇಡ ಎಂದಿದ್ದಾರೆಂದರೆ ಕೈಯಲ್ಲಿ ಇನ್ನು ಏನೂ ಉಳಿದಿಲ್ಲವೆಂದೇ ಅರ್ಥ, ಅದನ್ನು ಒಪ್ಪಿಕೊಳ್ಳುವುದೇ ಮರ್ಯಾದೆ ಎಂದ.

ಈಗಲಾದರೂ ವೆಂಡೆಲ್‌ನ ಒಂದು ಮಾತು ಸಾಕಿತ್ತು. ನಾನು ಹೇಳಲಿಲ್ಲ, ಹೆದರಿಬಿಟ್ಟೆ, ನೀನು ಹೋಗಿ ಎಸೆ. ಅಷ್ಟೇ ಮಾತು. ಆದರೆ ಹನ್ನೊಂದು ವರ್ಷ ತನ್ನನ್ನು ನಂಬಿದವನ ಮುಂದೆ ಸುಳ್ಳುಗಾರನಾಗಿ ನಿಲ್ಲುವ ಧೈರ್ಯ ಅವನಿಗೆ ಬರಲಿಲ್ಲ.

ರಾಯ್ಸ್ ಆಗಲೇ ಹೆಂಡತಿಗೆ ಫೋನ್ ಹಚ್ಚಿದ್ದ.

“ನಡೀನ್, ನಾನು ಮನೆಗೇ ಬರ್ತೀನಿ. ಆ ತಂಡದವರಿಗೆ ಇಲ್ಲ ಅಂದ್ಬಿಡ್ತೀನಿ... ಛೆ, ಸಿಟ್ಟೇನಿಲ್ಲ. ಅನ್ಯಾಯ ಏನೂ ಆಗಿಲ್ಲ ಬಿಡು. ವೆಂಡೆಲ್ ನನ್ನ ಪರವಾಗಿ ಹೇಳೋದೆಲ್ಲ ಹೇಳಿದಾರೆ.”