ಕೆನ್ನೆಯ ಕಲೆ

ಹೆದ್ದಾರಿಯ ಡಾಬಾದಲ್ಲಿ ಚಹಾ ಕುಡಿಯುತ್ತಿದ್ದ ಲಾರಿ ಚಾಲಕನನ್ನು ಕಂಡು ಸಿನಿಮಾ ನಿರ್ದೇಶಕನಿಗೆ ಕುಣಿಯುವಂತಾಯಿತು. ಕೆಂಪು ಕಣ್ಣು, ಗಿರಿಜಾ ಮೀಸೆ, ಕಣ್ಣಿನಿಂದ ಗದ್ದದವರೆಗೆ ಸೀಳಿದ ಕಲೆ. ನಾಯಕನ ಕಾರನ್ನು ಊರೂರು ಅಟ್ಟಾಡಿಸುವ ಖಳನ ಪಾತ್ರಧಾರಿಗಾಗಿ ನಿರ್ದೇಶಕ ಮೂರು ತಿಂಗಳಿಂದ ಅಲೆಯುತ್ತಿದ್ದ. ಚಿತ್ರೀಕರಣಕ್ಕೆ ಉಳಿದಿದ್ದು ಎರಡೇ ದಿನ.

"ಈ ಗಾಯ ಹೇಗಾಯ್ತಣ್ಣ?" ಎಂದು ಮೆಲ್ಲಗೆ ಕೇಳಿದ.

"ಲಾರಿಯಿಂದ ಸ್ವಾಮಿ. ಒಬ್ಬ ಪಾಪಿ ಹಲ್ಲು ಕಿರೀತಾ ನೇರ ನನ್ನ ಮೇಲೇ ಬಿಟ್ಟ."

ನಿರ್ದೇಶಕ ಬೆಂಚನ್ನು ಅವನ ಹತ್ತಿರಕ್ಕೆ ಎಳೆದುಕೊಂಡ. "ಆಮೇಲೆ?"

"ಕೂತಿದ್ದೋನು ಎದ್ದು ಓಡ್ದೆ. ನನ್ನ ಹಿಂದೆ ಅರ್ಧ ಊರೇ ಓಡ್ತು."

"ಆದ್ರೂ ಅವನು ಬಿಡಲಿಲ್ವಾ?"

"ಅವನು ಪರದೆ ಬಿಟ್ಟು ಎಲ್ಲಿ ಬರ್ತಾನೆ ಸ್ವಾಮಿ? ನಾನೇ ಹೋಗಿ ಸಿನಿಮಾ ಟೆಂಟಿನ ಕಂಬದ ಮೊಳೆಗೆ ಕೆನ್ನೆ ಕೊಟ್ಟೆ."