ಅವ್ವ ಬಡಿದ ರೊಟ್ಟಿ
ತವೆಯ ಮೇಲೆ ಜೋಳದ ರೊಟ್ಟಿ ಬೇಯುವ ವಾಸನೆ ಬಂದರೆ ಈಗಲೂ ಸಿಂದಗಿಯ ಆ ಸಂಡೆ ನೆನಪಾಗುತ್ತದೆ.

ನಾನೂ ಅವ್ವನೂ ಮೋರಟಗಿ ಹಳ್ಳಿಯಿಂದ ಸಿಂದಗಿಗೆ ಬಂದ ಹೊಸತು. ಅಲ್ಲಿನ ಸಣ್ಣ ಚರ್ಚಿನಲ್ಲಿ ಕಮ್ಯುನಿಯನ್‌ಗೆ, ಯೇಸುವಿನ ಕೊನೆಯ ಊಟದ ನೆನಪಿಗೆ, ರೊಟ್ಟಿಯನ್ನೇ ಮುರಿದು ಹಂಚುತ್ತಿದ್ದರು. ಅಂದಿನ ರೊಟ್ಟಿ ಬಡಿದವಳು ಅವ್ವ. ಪ್ಲೇಟು ನಮ್ಮ ಚಾಪೆಯವರೆಗೆ ಬಂದಾಗ ಕೈ ಚಾಚಿದಳು. ಸಭೆಯ ಹಿರಿಯರೊಬ್ಬರು ಪ್ಲೇಟು ಹಿಂದಕ್ಕೆಳೆದರು.

"ತಂಗೆವ್ವಾ, ನಿನ್ನ ದೀಕ್ಷಾಸ್ನಾನ ಆಗಿದ್ದು ಮೋರಟಗ್ಯಾಗ. ಅಲ್ಲಿ ಪಾಸ್ಟರ್ ಲೆಟರ್ ಕೊಡೋತನಕ ನೀ ನಮ್ಮ ಮೆಂಬರ್ ಅಲ್ಲ."

"ಅವರು ತೀರಿಹೋದ್ರಲ್ರೀ ಯಣ್ಣಾ, ಯಾರು ಬರದು ಕೊಡ್ತಾರ? ದೀಕ್ಷಾಸ್ನಾನಕ್ಕ ನಾ ಬಾವ್ಯಾಗ ಮುಳುಗಿದ್ದು ಸುಳ್ಳೇನ್ರೀ?"

ಪ್ಲೇಟು ಮುಂದೆ ಹೋಯಿತು. ಅವ್ವ ಚಾಚಿದ ಕೈಯನ್ನು ನನ್ನ ತಲೆಯ ಮೇಲಿಟ್ಟಳು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು.

ಮುಂದಿನ ಸಂಡೆಯೂ ಅವಳು ನಸುಕಿಗೇ ಎದ್ದು ಚರ್ಚಿಗೆಂದು ರೊಟ್ಟಿ ಬಡಿದಳು.